ನೂರ್ ಇನಾಯತ್ ಖಾನ್

ನೂರ್ ಇನಾಯತ್ ಖಾನ್ (ಜನವರಿ 1, 1914 – ಸೆಪ್ಟೆಂಬರ್ 13, 1944) ಮಕ್ಕಳ ಕಥೆಗಾರ್ತಿ ಹಾಗೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪರವಾಗಿ ದುಡಿದ ಗುಪ್ತಚರೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ ಕಳುಹಿಸಿದ ಮೊದಲ ಮಹಿಳಾ ನಿಸ್ತಂತು ನಿರ್ವಾಹಕಿ ಇವರು. ಹದಿಹರೆಯದ ಹುಡುಗಿಯರಿಗಾಗಿ ಬರೆದ, ಬೇಹುಗಾರಿಕೆ ಕಲಿಸುವ ಶಾಲೆಗಳ ವಿನೋದಮಯ ಕಾದಂಬರಿಗಳು ಇಂದು ಜನಪ್ರಿಯವಾಗಿವೆ. ಅಮೆರಿಕದ ಲೇಖಕಿ ಆಲಿ ಕಾರ್ಟರ್ 2006ರಲ್ಲಿ ಆರಂಭಿಸಿದ ‘ಗ್ಯಾಲಘರ್ ಗರ್ಲ್ಸ್’ ಮಾಲೆ ಅವುಗಳಲ್ಲಿ ಒಂದು. ಅಂತಹ ಶಾಲೆಗಳಲ್ಲಿ ನಿಜವಾಗಿ ಕಲಿತ ಯುವತಿಯರ ಪೈಕಿ ನೂರ್ ಪ್ರಮುಖರು.

ಮನೆತನ

ನೂರ್ ಅವರ ತಂದೆ ಹಜ್ರತ್ ಇನಾಯತ್ ಖಾನ್ ಬರೋಡದಲ್ಲಿ ಹುಟ್ಟಿದ ವೀಣಾವಾದಕರು ಮತ್ತು ಸೂಫಿ ಗುರುಗಳು. ಇವರ ತಾಯಿಯ ತಂದೆ ಮೌಲಾ ಬಕ್ಷ್ ಪ್ರಸಿದ್ಧ ಸಂಗೀತಗಾರರು. ಮೈಸೂರು ಅರಮನೆಯಲ್ಲಿ ಸನ್ಮಾನ ಪಡೆದವರು. ಅವರ ಪತ್ನಿ ಟಿಪ್ಪು ಸುಲ್ತಾನನ ಮೊಮ್ಮಗಳೆಂದು ಆ ಕುಟುಂಬದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ ಮೇಲೆ ಶಿಕಾರಿಪುರ, ಸೊರಬ ಸೀಮೆಗಳೂ ಸೇರಿದ್ದ ಮೈಸೂರು ರಾಜ್ಯವನ್ನು ಟಿಪ್ಪು ಆಳಿದನು. 1799ರಲ್ಲಿ ಬ್ರಿಟಿಷರೊಡನೆ ಹೋರಾಡುತ್ತಾ ಮಡಿದನು. ಅದೇ ವಂಶದ ಹೆಣ್ಣುಮಗಳು ಮುಂದೆ ಬ್ರಿಟನ್ನಿನ ಪರವಾಗಿ ಪ್ರಾಣ ಕೊಟ್ಟದ್ದು ಇತಿಹಾಸದ ವೈಚಿತ್ರ್ಯ.

ಬಾಲ್ಯ ಮತ್ತು ಶಿಕ್ಷಣ

ನೂರ್ ಮಾಸ್ಕೋದಲ್ಲಿ ಜನಿಸಿದರು. ತಾಯಿ ಅಮೆರಿಕದ ಓರಾ ರೇ ಬೇಕರ್; ವಿವಾಹಾನಂತರ ಅಮೀನಾ ಬೇಗಂ ಎಂಬ ಹೆಸರು ಪಡೆದರು. ನಾಲ್ವರು ಮಕ್ಕಳಲ್ಲಿ ನೂರ್ ಹಿರಿಯರು. ಕುಟುಂಬವು ಮೊದಲು ಲಂಡನ್ನಿನಲ್ಲಿ, 1920ರಿಂದ ಫ್ರಾನ್ಸಿನಲ್ಲಿ ನೆಲೆಸಿತು. 1927ರಲ್ಲಿ ತಂದೆ ದೆಹಲಿಯಲ್ಲಿ ನಿಧನರಾದರು. ದುಃಖದಿಂದ ಕುಗ್ಗಿಹೋದ ತಾಯಿಯ ಮತ್ತು ಚಿಕ್ಕ ತಮ್ಮತಂಗಿಯರ ಆರೈಕೆ ಹದಿಮೂರು ವರ್ಷದ ನೂರ್ ಅವರ ಪಾಲಿಗೆ ಬಂತು. ಮುಂದೆ ಅವರು ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನೋವಿಜ್ಞಾನವನ್ನು ಓದಿದರು. ಜೊತೆಗೆ ಪಿಯಾನೋ ಮತ್ತು ಹಾರ್ಪ್ ವಾದನವನ್ನು ಕಲಿತರು.

ಮಕ್ಕಳ ಕಥೆಗಳು

ನೂರ್ ಬರೆದ ಕಥೆಗಳು ‘ಲ ಫಿಗಾರೋ’ ಪತ್ರಿಕೆಯಲ್ಲಿ ಪ್ರಕಟವಾದವು. ಫ್ರೆಂಚ್ ಬಾನುಲಿಯಲ್ಲಿಯೂ ಬಿತ್ತರಗೊಂಡವು. ಬುದ್ಧನ ಪೂರ್ವಜನ್ಮದ ಕಥೆಗಳನ್ನು ಮಕ್ಕಳಿಗಾಗಿ ನಿರೂಪಿಸಿದ ‘ಟ್ವೆಂಟಿ ಜಾತಕ ಟೇಲ್ಸ್’ ಎಂಬ ಅವರ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ತನ್ನ ಹಿಂಡನ್ನು ಪಾರುಮಾಡಲು ತನ್ನ ದೇಹವನ್ನೇ ಸೇತುವೆಯಾಗಿಸಿದ ವಾನರರಾಜನ ಕಥೆ ಅದರಲ್ಲಿದೆ.

ಬೇಹುಗಾರಿಕೆಯ ತರಬೇತಿ

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ಆಕ್ರಮಿಸಿದಾಗ ಕುಟುಂಬವು ಇಂಗ್ಲೆಂಡಿಗೆ ತೆರಳಿತು. ಅಹಿಂಸೆಯ ವಾತಾವರಣದಲ್ಲಿ ಬೆಳೆದಿದ್ದರೂ ನಾಜಿಗಳ ವಿರುದ್ಧ ಸುಮ್ಮನಿರುವುದು ಸರಿಯಲ್ಲವೆಂದು ನೂರ್ ನಿಶ್ಚಯಿಸಿ, ಅದೇ ವರ್ಷದ ನವೆಂಬರ್‌ನಲ್ಲಿ ವಾಯುಪಡೆಯ ಮಹಿಳಾ ವಿಭಾಗವನ್ನು ಸೇರಿ ನಿಸ್ತಂತು ಕೆಲಸವನ್ನು ಕಲಿತರು. ಫ್ರೆಂಚ್ ಭಾಷೆಯ ಮೇಲಿನ ಪ್ರಭುತ್ವದಿಂದಾಗಿ 1943ರ ಫೆಬ್ರವರಿಯಲ್ಲಿ ‘ಎಸ್.ಒ.ಇ.’ ಎಂಬ ಗುಪ್ತ ಸಂಸ್ಥೆ ಅವರನ್ನು ಆರಿಸಿಕೊಂಡಿತು.

ಈ ಸಂಸ್ಥೆ ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಬಂಗಲೆಗಳಲ್ಲಿ ಗುಟ್ಟಾಗಿ ಶಾಲೆಗಳನ್ನು ನಡೆಸುತ್ತಿತ್ತು. ವಾನ್‌ಬರೋದಲ್ಲಿ ವ್ಯಾಯಾಮ, ಶಸ್ತ್ರ ಮತ್ತು ಸ್ಫೋಟಕಗಳ ಬಳಕೆ. ಥೇಮ್ ಪಾರ್ಕ್‌ನಲ್ಲಿ ನಿಸ್ತಂತು. ಬ್ಯೂಲಿಯಲ್ಲಿ ಸುಳ್ಳು ಹೆಸರಿನಲ್ಲಿ ಬದುಕುವ ಹಾಗೂ ವಿಚಾರಣೆಯನ್ನು ಎದುರಿಸುವ ವಿದ್ಯೆ. ನೂರ್ ಬಂದೂಕಿಗೆ ಅಂಜುತ್ತಿದ್ದರು. ಅಣಕು ವಿಚಾರಣೆಯಲ್ಲಿ ನಡುಗಿಹೋದರು. ಸುಳ್ಳು ಹೇಳುವುದು ಅವರ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ. ಇವರನ್ನು ಕಳುಹಿಸಬಾರದೆಂದು ತರಬೇತುದಾರರಲ್ಲಿ ಕೆಲವರು ಅಭಿಪ್ರಾಯಪಟ್ಟರು. ಆದರೆ ನಿಸ್ತಂತು ನಿರ್ವಾಹಕರ ಕೊರತೆ ತೀವ್ರವಾಗಿದ್ದುದರಿಂದ ತರಬೇತಿ ಪೂರ್ಣಗೊಳ್ಳುವ ಮೊದಲೇ ಅವರನ್ನು ಕಳುಹಿಸಲಾಯಿತು.

ಪ್ಯಾರಿಸ್ಸಿನಲ್ಲಿ

1943ರ ಜೂನ್ 16–17ರ ರಾತ್ರಿ ನೂರ್ ಸಣ್ಣ ವಿಮಾನವೊಂದರಲ್ಲಿ ಫ್ರಾನ್ಸಿಗೆ ಬಂದಿಳಿದರು. ‘ಮ್ಯಾಡಲೀನ್’ ಎಂಬುದು ಅವರ ಗುಪ್ತನಾಮ. ದಾಖಲೆಗಳಲ್ಲಿ ಮಕ್ಕಳ ದಾದಿ ಜೀನ್ ಮರಿ ರೆನಿಯೆ. ಎರಡು ವಾರಗಳೊಳಗೆ ಅವರು ಸೇರಬೇಕಾಗಿದ್ದ ‘ಪ್ರಾಸ್ಪರ್’ ಜಾಲದ ಮುಖ್ಯಸ್ಥರು ಸೆರೆಯಾದರು. ಹಿಂದಿರುಗಲು ಲಂಡನ್ ಅವಕಾಶ ಕೊಟ್ಟರೂ, ತಾವು ಹೊರಟರೆ ಸಂಪರ್ಕವೇ ಕಡಿದುಹೋಗುವುದೆಂದು ನೂರ್ ಅಲ್ಲಿಯೇ ಉಳಿದರು. ಯಂತ್ರವಿದ್ದ ಭಾರವಾದ ಪೆಟ್ಟಿಗೆಯನ್ನು ಹೊತ್ತು ಮನೆಯಿಂದ ಮನೆಗೆ ಬದಲಾಯಿಸುತ್ತಿದ್ದರು. ಜರ್ಮನರ ಶೋಧಕ ವಾಹನಗಳು ಸಂಕೇತದ ಮೂಲವನ್ನು ಪತ್ತೆಹಚ್ಚುತ್ತಿದ್ದುದರಿಂದ ಒಂದೆಡೆಯಿಂದ ಹೆಚ್ಚು ಹೊತ್ತು ಸಂದೇಶ ಕಳುಹಿಸುವಂತಿರಲಿಲ್ಲ. ಸುಮಾರು ಮೂರೂವರೆ ತಿಂಗಳು ಅವರು ಹೀಗೆ ಕೆಲಸ ಮಾಡಿದರು.

ಬಂಧನ ಮತ್ತು ಮರಣ

1943ರ ಅಕ್ಟೋಬರ್‌ನಲ್ಲಿ ದ್ರೋಹಿಯೊಬ್ಬರು ಕೊಟ್ಟ ಸುಳಿವಿನಿಂದ ನೂರ್ ಸೆರೆಸಿಕ್ಕರು. ಕಳುಹಿಸಿದ ಸಂದೇಶಗಳನ್ನೆಲ್ಲ ಅವರು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅವು ಜರ್ಮನರ ಕೈಸೇರಿದವು. ಜರ್ಮನರು ಅವರ ಹೆಸರಿನಲ್ಲಿಯೇ ಲಂಡನ್ನಿಗೆ ಸಂದೇಶ ಕಳುಹಿಸಿ ವಂಚಿಸಿದ್ದರಿಂದ ಬೇರೆ ಗುಪ್ತಚರರೂ ಬಲಿಯಾದರು. ಆದರೆ ವಿಚಾರಣೆಯಲ್ಲಿ ನೂರ್ ತಮ್ಮ ಕಾರ್ಯದ ರಹಸ್ಯವನ್ನಾಗಲಿ ಸಂಗಡಿಗರ ಹೆಸರನ್ನಾಗಲಿ ಬಾಯಿಬಿಡಲಿಲ್ಲ. ಎರಡು ಬಾರಿ ಪಾರಾಗಲು ಯತ್ನಿಸಿದರು. ಇನ್ನು ಮುಂದೆ ಓಡಿಹೋಗುವುದಿಲ್ಲವೆಂಬ ಮುಚ್ಚಳಿಕೆಗೆ ಸಹಿ ಹಾಕಲು ನಿರಾಕರಿಸಿದ್ದರಿಂದ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಹತ್ತು ತಿಂಗಳ ಕಾಲ ಸಂಕೋಲೆ ಬಿಗಿದು ಒಂಟಿಯಾಗಿ ಇರಿಸಲಾಯಿತು. 1944ರ ಸೆಪ್ಟೆಂಬರ್ 13ರಂದು ಡಾಖೌ ಯಾತನಾ ಶಿಬಿರದಲ್ಲಿ ಇತರ ಮೂವರು ಮಹಿಳಾ ಗುಪ್ತಚರರೊಂದಿಗೆ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರಿಗೆ ಮೂವತ್ತು ವರ್ಷ.

ಗೌರವ ಮತ್ತು ಸ್ಮರಣೆ

ಫ್ರಾನ್ಸ್ ‘ಕ್ರ್ವಾ ದ ಗೇರ್’ ಪದಕವನ್ನೂ, ಬ್ರಿಟನ್ 1949ರಲ್ಲಿ ‘ಜಾರ್ಜ್ ಕ್ರಾಸ್’ ಪದಕವನ್ನೂ ಮರಣೋತ್ತರವಾಗಿ ನೀಡಿದವು. ಶ್ರಾಬಣಿ ಬಸು ಬರೆದ ಜೀವನಚರಿತ್ರೆ ‘ಸ್ಪೈ ಪ್ರಿನ್ಸೆಸ್’ 2006ರಲ್ಲಿ ಪ್ರಕಟವಾಯಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಚೌಕದಲ್ಲಿ ನೂರ್ ಅವರ ಪುತ್ಥಳಿಯನ್ನು ಸ್ಥಾಪಿಸಲಾಯಿತು. 2014ರಲ್ಲಿ ಅಂಚೆಚೀಟಿ ಹೊರಬಂತು. ಅವರು ವಾಸವಾಗಿದ್ದ ಲಂಡನ್ನಿನ ಮನೆಗೆ 2020ರಲ್ಲಿ ಸ್ಮಾರಕ ಫಲಕವನ್ನು ಹಾಕಲಾಗಿದೆ.