ಜಾಕ್-ಈವ್ ಕುಸ್ತೊ

ಜಾಕ್-ಈವ್ ಕುಸ್ತೊ (ಜೂನ್ ೧೧, ೧೯೧೦ - ಜೂನ್ ೨೫, ೧೯೯೭) ಫ್ರಾನ್ಸ್ ದೇಶದ ನೌಕಾಪಡೆಯ ಅಧಿಕಾರಿ, ಸಮುದ್ರ ಶೋಧಕ, ಲೇಖಕ ಹಾಗೂ ಚಲನಚಿತ್ರ ನಿರ್ಮಾಪಕ. ಎಂಜಿನಿಯರ್ ಎಮಿಲ್ ಗಾನ್ಯಾನ್ ಅವರೊಡನೆ ಸೇರಿ ಅವರು ರೂಪಿಸಿದ 'ಆಕ್ವಾಲಂಗ್' ಎಂಬ ಉಸಿರಾಟದ ಉಪಕರಣವು, ದಡದಿಂದ ಬರುವ ಗಾಳಿಯ ಕೊಳವೆಯ ಹಂಗಿಲ್ಲದೆ ಮನುಷ್ಯನು ನೀರಿನಡಿಯಲ್ಲಿ ಸಂಚರಿಸುವುದನ್ನು ಸುಲಭಸಾಧ್ಯವಾಗಿಸಿತು. ಇಂದಿನ ಸ್ಕೂಬಾ ಉಪಕರಣಗಳಿಗೆ ಇದೇ ಬುನಾದಿ.

ಜನನ ಮತ್ತು ಆರಂಭಿಕ ಜೀವನ

ಕುಸ್ತೊ ಅವರು ಫ್ರಾನ್ಸಿನ ನೈಋತ್ಯ ಭಾಗದ ಸೇಂಟ್ ಆಂದ್ರೆ ದ ಕ್ಯುಬ್ಜಾಕ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಡೇನಿಯಲ್ ಕುಸ್ತೊ, ತಾಯಿ ಎಲಿಜಬೆತ್. ೧೯೩೦ರಲ್ಲಿ ನೌಕಾಪಡೆಯ ಶಾಲೆಯನ್ನು ಸೇರಿದ ಅವರಿಗೆ ನೌಕಾಪಡೆಯ ವಿಮಾನ ಚಾಲಕನಾಗಬೇಕೆಂಬ ಹಂಬಲವಿತ್ತು. ಆದರೆ ಕಾರು ಅಪಘಾತವೊಂದರಲ್ಲಿ ತೋಳುಗಳಿಗೆ ತೀವ್ರ ಪೆಟ್ಟಾಗಿ ಆ ಹಂಬಲ ಕೈಗೂಡಲಿಲ್ಲ. ೧೯೩೬ರಲ್ಲಿ ತೂಲೋನ್ ಬಳಿಯ ಸಮುದ್ರದಲ್ಲಿ, ಸಹೋದ್ಯೋಗಿ ಫಿಲಿಪ್ ತಾಯೆ ಅವರು ಕೊಟ್ಟ ಈಜು ಕನ್ನಡಕವನ್ನು ಧರಿಸಿ ನೀರಿನೊಳಗೆ ನೋಡಿದ ಕುಸ್ತೊ ಅವರ ಬದುಕಿನ ದಿಕ್ಕೇ ಬದಲಾಯಿತು. ಮರುವರ್ಷ ಅವರು ಸಿಮೋನ್ ಮೆಲ್ಶಿಯೊರ್ ಅವರನ್ನು ವಿವಾಹವಾದರು. ದಂಪತಿಗೆ ಜಾನ್-ಮಿಶೆಲ್ ಮತ್ತು ಫಿಲಿಪ್ ಎಂಬ ಇಬ್ಬರು ಪುತ್ರರು.

ಆಕ್ವಾಲಂಗ್‌ನ ಸೃಷ್ಟಿ

ನೀರಿನಡಿಯಲ್ಲಿ ಪ್ರತಿ ೧೦ ಮೀಟರ್ ಆಳಕ್ಕೆ ಒತ್ತಡವು ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಮುಳುಗುಗಾರನು ಸೇದುವ ಗಾಳಿಯ ಒತ್ತಡವು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿರದಿದ್ದರೆ ಎದೆಯನ್ನು ಹಿಗ್ಗಿಸಿ ಉಸಿರೆಳೆಯುವುದು ಅಸಾಧ್ಯ. ೧೯ನೆಯ ಶತಮಾನದಲ್ಲಿಯೇ ಬೆನ್ವಾ ರುಕೆರೋಲ್ ಮತ್ತು ಆಗಸ್ಟ್ ದನೆರೂಜ್ ಎಂಬ ಫ್ರೆಂಚರು ಬೇಡಿಕೆಗೆ ತಕ್ಕಂತೆ ಗಾಳಿ ಬಿಡುವ ನಿಯಂತ್ರಕವನ್ನು ತಯಾರಿಸಿದ್ದರು. ಆದರೆ ಅಂದಿನ ಗಾಳಿಪಾತ್ರೆಗಳು ಹೆಚ್ಚಿನ ಒತ್ತಡವನ್ನು ತಾಳುತ್ತಿರಲಿಲ್ಲ. ಮುಂದೆ ಈವ್ ಲ ಪ್ರಿಯೂರ್ ಅವರ ಉಪಕರಣದಲ್ಲಿ ಗಾಳಿಯನ್ನು ಕೈಯಿಂದಲೇ ತಿರುಗಿಸಿ ಬಿಡಬೇಕಾಗಿದ್ದರಿಂದ ಬಹಳಷ್ಟು ಗಾಳಿ ವ್ಯರ್ಥವಾಗುತ್ತಿತ್ತು. ಶುದ್ಧ ಆಮ್ಲಜನಕದ ಉಪಕರಣವನ್ನು ಪ್ರಯೋಗಿಸಿದ ಕುಸ್ತೊ ಅವರಿಗೆ ಆಳದಲ್ಲಿ ಸೆಳೆತ ಬಂದು ಪ್ರಾಣಕ್ಕೇ ಕುತ್ತು ಒದಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರ ಡಿಸೆಂಬರ್‌ನಲ್ಲಿ, ಕುಸ್ತೊ ಅವರು ಪ್ಯಾರಿಸ್‌ನಲ್ಲಿ 'ಏರ್ ಲಿಕ್ವಿಡ್' ಕಂಪನಿಯ ಎಂಜಿನಿಯರ್ ಗಾನ್ಯಾನ್ ಅವರನ್ನು ಭೇಟಿಯಾದರು. ಸಿಮೋನ್ ಅವರ ತಂದೆ ಅದೇ ಕಂಪನಿಯಲ್ಲಿದ್ದುದು ಈ ಭೇಟಿಗೆ ನೆರವಾಯಿತು. ಪೆಟ್ರೋಲ್ ಅಭಾವದಿಂದ ಅನಿಲದಲ್ಲಿ ಓಡಿಸುತ್ತಿದ್ದ ಕಾರುಗಳಿಗಾಗಿ ಗಾನ್ಯಾನ್ ಸಿದ್ಧಪಡಿಸಿದ್ದ ಕವಾಟವೇ ಹೊಸ ಉಪಕರಣದ ಮೂಲವಾಯಿತು.

ಮರುವರ್ಷದ ಆರಂಭದಲ್ಲಿ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ಪೂರ್ಣವಾಗಿ ಫಲಿಸಲಿಲ್ಲ. ಅಡ್ಡಲಾಗಿ ಈಜುವಾಗ ಉಪಕರಣವು ಸರಿಯಾಗಿ ಕೆಲಸ ಮಾಡಿತು. ನೆಟ್ಟಗೆ ನಿಂತಾಗ ಗಾಳಿ ತಾನಾಗಿಯೇ ಹರಿದು ಪೋಲಾಯಿತು. ತಲೆಕೆಳಗಾದಾಗ ಉಸಿರಾಟವೇ ಕಷ್ಟವಾಯಿತು. ಉಸಿರು ಹೊರಹೋಗುವ ಕವಾಟವು ಗಾಳಿ ಒಳಬಿಡುವ ಭಾಗದಿಂದ ಕೆಲವು ಅಂಗುಲಗಳಷ್ಟು ದೂರದಲ್ಲಿದ್ದುದೇ ಇದಕ್ಕೆ ಕಾರಣವಾಗಿತ್ತು. ದೇಹದ ಭಂಗಿ ಬದಲಾದಂತೆ ಈ ಎರಡು ಭಾಗಗಳ ಮೇಲಿನ ನೀರಿನ ಒತ್ತಡವೂ ಬೇರೆಬೇರೆಯಾಗುತ್ತಿತ್ತು. ಎರಡನ್ನೂ ಒಂದೇ ಮಟ್ಟದಲ್ಲಿ ಜೋಡಿಸಿದೊಡನೆ ದೋಷ ನಿವಾರಣೆಯಾಯಿತು. ೧೯೪೩ರ ಬೇಸಿಗೆಯಲ್ಲಿ ಬಾಂದೋಲ್ ಬಳಿಯ ಕಡಲಿನಲ್ಲಿ ಕುಸ್ತೊ, ತಾಯೆ ಮತ್ತು ಫ್ರೆಡೆರಿಕ್ ದ್ಯುಮಾ ಉಪಕರಣವನ್ನು ಯಶಸ್ವಿಯಾಗಿ ಬಳಸಿದರು.

ನಿಯಂತ್ರಕದ ಹೊಂದಾಣಿಕೆ ಮತ್ತು ನಿರ್ವಹಣೆ

ಆಕ್ವಾಲಂಗ್‌ನ ನಂತರ ಬಂದ ನಿಯಂತ್ರಕಗಳಲ್ಲಿ ಸಾಮಾನ್ಯವಾಗಿ ಎರಡು ಹಂತಗಳಿರುತ್ತವೆ. ಮೊದಲ ಹಂತವು ಸಿಲಿಂಡರಿನ ಅಧಿಕ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು ೧೦ ಬಾರ್‌ನಷ್ಟು ಹೆಚ್ಚಿನ ಮಧ್ಯಮ ಒತ್ತಡಕ್ಕೆ ಇಳಿಸುತ್ತದೆ. ಬಾಯಿಯ ಬಳಿಯ ಎರಡನೆಯ ಹಂತದಲ್ಲಿ, ಉಸಿರೆಳೆದಾಗ ರಬ್ಬರಿನ ಪೊರೆಯೊಂದು ಒಳಬಾಗಿ ಸನ್ನೆಯನ್ನು ಒತ್ತಿ ಕವಾಟವನ್ನು ತೆರೆಯುತ್ತದೆ. ಇದನ್ನು ದುರಸ್ತಿ ಮಾಡುವವರು ಮಧ್ಯಮ ಒತ್ತಡವನ್ನು ಅಳೆಯುವ ಮಾಪಕ, ಬಿರಡೆಗಳಿಗೆ ಹೊಂದುವ ವಿಶೇಷ ಸ್ಪ್ಯಾನರ್‌ಗಳು, ರಬ್ಬರ್ ಉಂಗುರಗಳನ್ನು ತೆಗೆಯುವ ಸಣ್ಣ ಕೊಕ್ಕೆಗಳು ಮುಂತಾದ ಸಲಕರಣೆಗಳನ್ನು ಬಳಸುತ್ತಾರೆ. ಉಂಗುರ ಕೂರುವ ಜಾಗದಲ್ಲಿ ಒಂದು ಗೀರು ಬಿದ್ದರೂ ಗಾಳಿ ಸೋರಬಹುದಾದ್ದರಿಂದ ಈ ಕೊಕ್ಕೆಗಳನ್ನು ಹಿತ್ತಾಳೆ ಅಥವಾ ಪ್ಲಾಸ್ಟಿಕ್ಕಿನಿಂದ ಮಾಡಿರುವುದುಂಟು. ತಿರುಪನ್ನು ಸಡಿಲಗೊಳಿಸಿದರೆ ಗಾಳಿ ತಾನಾಗಿ ಹರಿಯುತ್ತದೆ, ಅತಿಯಾಗಿ ಬಿಗಿದರೆ ಉಸಿರೆಳೆಯಲು ಶ್ರಮವಾಗುತ್ತದೆ. ಮಾರ್ನ್ ನದಿಯಲ್ಲಿ ಕಾಣಿಸಿದ ಎರಡು ತೊಂದರೆಗಳ ನಡುವಣ ಸಮತೋಲನವನ್ನೇ ಇಂದಿಗೂ ಸಾಧಿಸಬೇಕಾಗುತ್ತದೆ.

ಅಪಾಯಗಳು ಮತ್ತು ಸಾವುನೋವು

೧೯೪೬ರಲ್ಲಿ ಕುಸ್ತೊ ಮತ್ತು ದ್ಯುಮಾ ಅವರು ವೋಕ್ಲ್ಯೂಸ್ ಬುಗ್ಗೆಯ ಗುಹೆಯೊಳಗೆ ಇಳಿದು ಪ್ರಜ್ಞೆ ತಪ್ಪುವ ಸ್ಥಿತಿ ತಲುಪಿದರು. ಗಾಳಿ ತುಂಬಿದ ಯಂತ್ರವು ತನ್ನದೇ ಹೊಗೆಯನ್ನು ಒಳಗೆಳೆದುಕೊಂಡು ಸಿಲಿಂಡರಿಗೆ ಇಂಗಾಲದ ಮಾನಾಕ್ಸೈಡ್ ಸೇರಿಸಿತ್ತು. ಮೇಲೆ ಹಗ್ಗ ಹಿಡಿದಿದ್ದ ಮೋರಿಸ್ ಫಾರ್ಗ್ ಅವರು ಸಮಯಕ್ಕೆ ಸರಿಯಾಗಿ ಎಳೆದು ಇಬ್ಬರನ್ನೂ ಉಳಿಸಿದರು. ಅದೇ ಫಾರ್ಗ್ ೧೯೪೭ರಲ್ಲಿ ಸುಮಾರು ೧೨೦ ಮೀಟರ್ ಆಳಕ್ಕಿಳಿಯುವ ಪ್ರಯತ್ನದಲ್ಲಿ ಮೃತರಾದರು. ಉಪಕರಣ ಎಷ್ಟೇ ಉತ್ತಮವಾಗಿದ್ದರೂ ಒತ್ತಡದಲ್ಲಿ ಗಾಳಿಯ ಸಾರಜನಕವೇ ಅಮಲೇರಿಸುತ್ತದೆ ಎಂಬ ಮಿತಿಯನ್ನು ಈ ಸಾವು ತೋರಿಸಿತು.

ಕಲಿಪ್ಸೊ ಮತ್ತು ಚಲನಚಿತ್ರಗಳು

೧೯೫೦ರಲ್ಲಿ ಹಳೆಯ ಮೈನ್‌ನಾಶಕ ಹಡಗೊಂದನ್ನು ಪಡೆದ ಕುಸ್ತೊ ಅದನ್ನು 'ಕಲಿಪ್ಸೊ' ಎಂಬ ಸಂಶೋಧನಾ ನೌಕೆಯಾಗಿ ಮಾರ್ಪಡಿಸಿದರು. ೧೯೫೩ರಲ್ಲಿ 'ದಿ ಸೈಲೆಂಟ್ ವರ್ಲ್ಡ್' ಪುಸ್ತಕವು ಪ್ರಕಟವಾಯಿತು. ಅದೇ ಹೆಸರಿನ ಚಿತ್ರವನ್ನು ಲೂಯಿ ಮಾಲ್ ಅವರೊಂದಿಗೆ ನಿರ್ದೇಶಿಸಿ, ೧೯೫೬ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ ನಂತರ ಆಸ್ಕರ್ ಪ್ರಶಸ್ತಿಯನ್ನೂ ಪಡೆದರು. ಹವಳದ ದಿಬ್ಬವನ್ನು ಸಿಡಿಮದ್ದಿನಿಂದ ಒಡೆಯುವ ಹಾಗೂ ಶಾರ್ಕ್‌ಗಳನ್ನು ಕೊಲ್ಲುವ ಅದರ ದೃಶ್ಯಗಳು ಮುಂದೆ ಟೀಕೆಗೆ ಗುರಿಯಾದವು. ಕಾಲಕ್ರಮೇಣ ಕುಸ್ತೊ ಅವರ ನಿಲುವೂ ಬದಲಾಯಿತು. ೧೯೬೦ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ವಿಕಿರಣಶೀಲ ತ್ಯಾಜ್ಯವನ್ನು ಸುರಿಯುವುದನ್ನು ಅವರು ವಿರೋಧಿಸಿದರು. ೧೯೭೩ರಲ್ಲಿ ಸಾಗರ ಸಂರಕ್ಷಣೆಗಾಗಿ ಕುಸ್ತೊ ಸೊಸೈಟಿಯನ್ನು ಸ್ಥಾಪಿಸಿದರು.

ವಿದಾಯ

೧೯೭೯ರಲ್ಲಿ ಕಿರಿಯ ಪುತ್ರ ಫಿಲಿಪ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ೧೯೯೦ರಲ್ಲಿ ಪತ್ನಿ ಸಿಮೋನ್ ನಿಧನರಾದರು. ೧೯೯೬ರಲ್ಲಿ ಸಿಂಗಾಪುರದ ಬಂದರಿನಲ್ಲಿ ಕಲಿಪ್ಸೊ ಮುಳುಗಿತು. ೧೯೯೭ರ ಜೂನ್ ೨೫ರಂದು ಪ್ಯಾರಿಸ್‌ನಲ್ಲಿ ಕುಸ್ತೊ ಅವರು ನಿಧನರಾದರು. ಹುಟ್ಟೂರಿನಲ್ಲಿಯೇ ಅವರ ಸಮಾಧಿಯಿದೆ. ಕುಸ್ತೊ ಅವರಷ್ಟು ಪ್ರಸಿದ್ಧಿ ಗಾನ್ಯಾನ್ ಅವರಿಗೆ ದೊರೆಯದಿದ್ದರೂ ಆಕ್ವಾಲಂಗ್‌ನ ಚರಿತ್ರೆಯಲ್ಲಿ ಇಬ್ಬರ ಹೆಸರೂ ಜೊತೆಯಾಗಿಯೇ ಉಳಿದಿವೆ.