ಮಂಗನ ಕಾಯಿಲೆಯ ಜಾಡು ಹಿಡಿದ ಡಾ. ಟೆಲ್ಫೋರ್ಡ್ ವರ್ಕ್

ಕೋಲಾರ: ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಯಲಿನಿಂದ ಜೋಗ, ಸಿಗಂದೂರಿನತ್ತ ಪ್ರವಾಸ ಹೊರಡುವವರು ಅರಿಯಬೇಕಾದ ಹೆಸರೊಂದಿದೆ. ಮಲೆನಾಡಿನ ಮಂಗನ ಕಾಯಿಲೆಯ ಮೂಲವನ್ನು ಪತ್ತೆಹಚ್ಚಿದ ತಂಡದ ನಾಯಕ ಡಾ. ಟೆಲ್ಫೋರ್ಡ್ ವರ್ಕ್.

1921ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ವರ್ಕ್ ವೈದ್ಯಪದವಿಯ ಬಳಿಕ ಉಷ್ಣವಲಯದ ರೋಗಗಳ ಅಧ್ಯಯನಕ್ಕೆ ತೊಡಗಿದರು. ಪಕ್ಷಿವೀಕ್ಷಣೆ ಅವರ ಅಚ್ಚುಮೆಚ್ಚಿನ ಹವ್ಯಾಸ. ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಸ್ ಕುರಿತು ಸಂಶೋಧನೆ ನಡೆಸಿದ ಅವರು, ಮುಂದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಲಿನ ಹಳ್ಳಿಗರೂ ವಿಷಮ ಜ್ವರಕ್ಕೆ ಬಲಿಯಾದರು. ಮಂಗ, ಮನುಷ್ಯರಿಬ್ಬರನ್ನೂ ಕೊಲ್ಲುವ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಆತಂಕ ಹಬ್ಬಿತು. ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ತಂಡ ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ. ಇಲ್ಲಿಯೂ ವೈರಸ್ ಹೊತ್ತು ತರುತ್ತಿದ್ದುದು ಕಾಡಿನ ಉಣುಗೇ.

ರಷ್ಯಾದ ರೋಗಕ್ಕೆಂದು ತಯಾರಿಸಿದ ಲಸಿಕೆಯನ್ನು ಮಲೆನಾಡಿನಲ್ಲಿ ಪ್ರಯೋಗಿಸಿದಾಗ ಫಲ ಸಿಗಲಿಲ್ಲ. 1990ರಿಂದ ಬಳಕೆಗೆ ಬಂದ ದೇಶೀಯ ಲಸಿಕೆಯೂ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಕೋಲಾರ ಸೀಮೆಗೆ ಪರಿಚಿತವಾದ ಜಪಾನೀಸ್ ಮೆದುಳು ಜ್ವರ ಸೊಳ್ಳೆಯಿಂದ ಹರಡುವಂಥದು. ಅದರ ಲಸಿಕೆ ಪಡೆದವರಿಗೂ ಮಂಗನ ಕಾಯಿಲೆಯಿಂದ ರಕ್ಷಣೆಯಿಲ್ಲ.

ಆದ್ದರಿಂದ ಉಣುಗು ಮೈಗೇರದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಡೆಪಾ ತೈಲದಂತಹ ಉಣುಗು ನಿವಾರಕ ಲೇಪಿಸಿಕೊಳ್ಳಬೇಕು. ತರಗೆಲೆಗಳ ಮೇಲೆ ಕೂರಬಾರದು. ಸತ್ತ ಮಂಗದ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮರಳಿದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ ಬಟ್ಟೆ ಒಗೆಯಬೇಕು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಬಹುದು. ಕೆಲವರಲ್ಲಿ ರಕ್ತಸ್ರಾವವಾಗುತ್ತದೆ, ಇನ್ನು ಕೆಲವರಲ್ಲಿ ಇಳಿದ ಜ್ವರ ಮರುಕಳಿಸಿ ಮೆದುಳನ್ನು ಬಾಧಿಸುತ್ತದೆ. ರೋಗಿಗಳಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾವಿಗೀಡಾಗುತ್ತಾರೆ.

1958ರಲ್ಲಿ ಭಾರತದಿಂದ ತೆರಳಿದ ವರ್ಕ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲೂ ನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೂ ಸೇವೆ ಸಲ್ಲಿಸಿ 1995ರಲ್ಲಿ ನಿಧನರಾದರು. ಅವರ ತಂಡ ಜ್ವರದ ಮೂಲವನ್ನು ಹುಡುಕಿದ್ದು ಕಾಡಿನಲ್ಲಿ. ಬಯಲುಸೀಮೆಯ ವೈದ್ಯರಿಗೆ ಜ್ವರವೆಂದರೆ ಮೊದಲು ತೋಚುವುದು ಡೆಂಗಿ. ಮಲೆನಾಡಿಗೆ ಹೋಗಿಬಂದ ಸಂಗತಿಯನ್ನು ರೋಗಿಯೇ ಮೊದಲು ಹೇಳಿಬಿಡುವುದು ಜೀವ ಉಳಿಸಬಲ್ಲದು.