ಆರ್. ಶಾಮಶಾಸ್ತ್ರಿ

ರುದ್ರಪಟ್ಟಣದ ಶಾಮಶಾಸ್ತ್ರಿ (1868–1944) ಸಂಸ್ಕೃತ ವಿದ್ವಾಂಸರು, ಗ್ರಂಥಸಂಪಾದಕರು ಮತ್ತು ಪುರಾತತ್ತ್ವಜ್ಞರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರೆಂದು ಪ್ರಸಿದ್ಧರಾದ ಇವರು, ಧರ್ಮಗ್ರಂಥಗಳಲ್ಲಿನ ಕಾಲಗಣನೆಗೂ ಪ್ರಾಚೀನ ಇತಿಹಾಸಕ್ಕೂ ಹೊಂದಾಣಿಕೆ ಕಾಣಲು ಜೀವನದುದ್ದಕ್ಕೂ ಶ್ರಮಿಸಿದರು.

ಜೀವನ

ಕಾವೇರಿ ತೀರದ ರುದ್ರಪಟ್ಟಣ ಇವರ ಜನ್ಮಸ್ಥಳ. ಈ ಗ್ರಾಮ ಈಗ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿದೆ. ಮೈಸೂರಿನಲ್ಲಿ ಸಂಸ್ಕೃತ ವ್ಯಾಸಂಗ ಮಾಡಿ, ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಪಡೆದ ಮೇಲೆ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಸೇವೆಗೆ ಸೇರಿದರು. ಅನಂತರ ಬೆಂಗಳೂರಿನ ಚಾಮರಾಜಪೇಟೆಯ ಶ್ರೀ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಪ್ರಾಂಶುಪಾಲರಾಗಿದ್ದರು. ಆರ್. ನರಸಿಂಹಾಚಾರ್ಯರ ಬಳಿಕ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದರು. ಮಹಾಮಹೋಪಾಧ್ಯಾಯ ಬಿರುದು ಇವರಿಗೆ ಸಂದಿತು.

ಅರ್ಥಶಾಸ್ತ್ರ

ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಾಲಯಕ್ಕೆ ನೀಡಿದ ಗ್ರಂಥಲಿಪಿಯ ತಾಳೆಗರಿ ಪ್ರತಿಯಲ್ಲಿ ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಗುರುತಿಸಿದರು. ಅದರ ಸಂಸ್ಕೃತ ಪಾಠ 1909ರಲ್ಲಿಯೂ, ಜೆ.ಎಫ್. ಫ್ಲೀಟ್ ಅವರ ಮುನ್ನುಡಿಯೊಡನೆ ಇಂಗ್ಲಿಷ್ ಅನುವಾದ 1915ರಲ್ಲಿಯೂ ಪ್ರಕಟವಾದವು. ಗ್ರಂಥಕರ್ತನು ಚಂದ್ರಗುಪ್ತ ಮೌರ್ಯನ ಮಂತ್ರಿಯೇ ಎಂಬುದು ಇವರ ನಿಲುವು. ವಿಂಟರ್ನಿಟ್ಸ್ ಮೊದಲಾದವರು ಗ್ರಂಥವನ್ನು ಹಲವು ಶತಮಾನ ಈಚಿನದೆಂದು ವಾದಿಸಿದರು.

ಕಾಲನಿರ್ಣಯದ ಸಂಶೋಧನೆ

1908ರ 'ಗವಾಮಯನ' ಗ್ರಂಥದಲ್ಲಿ ಶಾಸ್ತ್ರಿಗಳು ವೈದಿಕ ಯಜ್ಞವಿಧಿಗಳನ್ನು ಪಂಚಾಂಗದ ದಾಖಲೆಯಾಗಿ ಓದಿದರು. 365 ದಿನಗಳ ವರ್ಷ ಸೌರವರ್ಷಕ್ಕಿಂತ ಸುಮಾರು ಕಾಲು ದಿನ ಕಡಿಮೆ. ನಾಲ್ಕು ವರ್ಷಗಳಲ್ಲಿ ಈ ಕೊರತೆ ಒಂದು ದಿನವಾಗುತ್ತದೆ. ಹೀಗೆ ಸೇರಿಸಿದ ಅಧಿಕ ದಿನವನ್ನೇ ಋಷಿಗಳು 'ಗೋವು' ಎಂದು ಕರೆದರೆಂದೂ, ಕೃತ, ತ್ರೇತಾ, ದ್ವಾಪರ, ಕಲಿ ಎಂಬವು ಮೂಲತಃ ಈ ಚತುರ್ವರ್ಷ ಚಕ್ರದ ಹೆಸರುಗಳೆಂದೂ ಅವರು ಪ್ರತಿಪಾದಿಸಿದರು. ಇದರಿಂದ ಲಕ್ಷಾಂತರ ವರ್ಷಗಳ ಪೌರಾಣಿಕ ಯುಗಗಳು ಮಾನವ ಇತಿಹಾಸದ ಅಳತೆಗೆ ಇಳಿಯುತ್ತವೆ.

1936ರಲ್ಲಿ ವೇದಾಂಗ ಜ್ಯೌತಿಷವನ್ನು ಸಂಪಾದಿಸಿದರು. 1938ರ 'ದ್ರಪ್ಸ' ಗ್ರಂಥ ವೈದಿಕ ಗ್ರಹಣಚಕ್ರವನ್ನು ಕುರಿತದ್ದು. 1940ರ ಕೃತಿಯಲ್ಲಿ ಇದೇ ವಿಚಾರವನ್ನು ಬೈಬಲ್ ಮತ್ತು ಕುರಾನ್‌ಗಳಿಗೂ ವಿಸ್ತರಿಸಿದರು.

ಪುರಾತತ್ತ್ವ ಇಲಾಖೆಯ 1923ರ ವರದಿಯಲ್ಲಿ ಗುಪ್ತಶಕದ ಆರಂಭ ಕ್ರಿ.ಶ. 200–201 ಎಂದು ವಾದಿಸಿದರು. ಅದನ್ನು 319–320 ಎಂದು ನಿರ್ಧರಿಸಿದ್ದವರು, ಇವರ ಅನುವಾದಕ್ಕೆ ಮುನ್ನುಡಿ ಬರೆದ ಫ್ಲೀಟ್ ಅವರೇ.

ವಿಮರ್ಶೆ

ಮೌರ್ಯರ ಕಾಲಕ್ಕೆ ಗ್ರಂಥಗಳ ಹೊರಗೆ ದೃಢವಾದ ಆಧಾರವಿದೆ: ಅಶೋಕನ ಶಾಸನಗಳಲ್ಲಿ ಸಮಕಾಲೀನ ಗ್ರೀಕ್ ಅರಸರ ಹೆಸರುಗಳಿವೆ. ಪವಿತ್ರ ಗ್ರಂಥಗಳ ಸಂಖ್ಯೆಗಳನ್ನು ಸಂಕೇತಗಳೆಂದು ಅರ್ಥೈಸುವ ವಿಧಾನಕ್ಕೆ ಅಂತಹ ಸ್ವತಂತ್ರ ಪರೀಕ್ಷೆ ದೊರೆಯುವುದು ಕಷ್ಟ. ಆದುದರಿಂದ ಶಾಸ್ತ್ರಿಗಳ ವೈದಿಕ ಕಾಲಗಣನೆಗೆ ಇತಿಹಾಸಕಾರರ ವ್ಯಾಪಕ ಮನ್ನಣೆ ದೊರೆಯಲಿಲ್ಲ. ಗುಪ್ತಶಕಕ್ಕೆ ಫ್ಲೀಟ್ ಅವರ ನಿರ್ಣಯವೇ ಬಳಕೆಯಲ್ಲಿ ಉಳಿಯಿತು. ಅರ್ಥಶಾಸ್ತ್ರದ ಪ್ರಕಟಣೆಯಾದರೋ ಪ್ರಾಚೀನ ಭಾರತದ ರಾಜ್ಯಾಡಳಿತದ ಅಧ್ಯಯನಕ್ಕೆ ಹೊಸ ತಳಹದಿಯನ್ನು ಒದಗಿಸಿತು.